ಹಂದಿ ಕೊಡದೆ ಹಾಕಬಾರದ ಕ್ಯಾಸೆಟ್

ಸ್ಕೋಕಿ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಜಲಪಾತದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಮಿಶಿಗನ್‌ನ ಒಂದು ಹಂದಿ ಫಾರ್ಮಿನ ಫೋಟೋ. ಅದರಲ್ಲಿ ನಾನು ತಂಗಿಯ ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ವೈರಿನ ಸುರುಳಿ ಹಿಡಿದು, ಯಾರನ್ನೋ ಬೈಯಲು ಹೊರಟ ಮುಖ ಮಾಡಿಕೊಂಡು ನಿಂತಿದ್ದೇನೆ. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದವಳು ಅಲ್ಲಿಗೆ ಯಾಕೆ ಹೋದೆ ಎಂದು ಮೈಸೂರಿನಲ್ಲಿ ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳಿ ಸಾಕಾಗಿದೆ. ಆದ್ದರಿಂದ ಇಲ್ಲಿ ನಿಜವನ್ನೇ ಬರೆಯುತ್ತೇನೆ.

ತಪ್ಪೆಲ್ಲ ನನ್ನ ತಂಗಿ ಪದ್ಮಾಳದು. ಶಿಕಾಗೊ ಪಕ್ಕದ ಸ್ಕೋಕಿಯಲ್ಲಿ ಅವಳು ಮಕ್ಕಳ ಡಾಕ್ಟರು. ನಾನು ಮೈಸೂರಿನ ಒಂದು ಜಾನಪದ ಸಂಗ್ರಹಾಲಯದ ಧ್ವನಿಮುದ್ರಣ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಹಳ್ಳಿಹಳ್ಳಿ ಸುತ್ತಿ ಹಾಡು ಹಿಡಿದು ತರುವುದು, ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು, ನಡುವೆ ಬಂದ ಕೆಮ್ಮು, ಕೋಳಿ ಕೂಗು, ಬಸ್ಸಿನ ಹಾರನ್ನು ಕತ್ತರಿಸಿ ತೆಗೆಯುವುದು, ಇದೇ ನನ್ನ ಬದುಕು. ಇನ್ನು ಮುಂದೆ ಒಂದು ಟೇಪನ್ನೂ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ವಿಮಾನ ಹತ್ತಿದ್ದೆ. ಬಂದು ಇಳಿದು ಕಾಫಿ ಲೋಟ ಕೈಗೆ ತೆಗೆದುಕೊಂಡಿದ್ದೇನೆ, ಅಷ್ಟೇ.

"ಅಕ್ಕ, ಒಂದು ಸಣ್ಣ ಫೇವರ್. ನಮ್ ವಾರ್ಡಲ್ಲಿ ಮಾರ್ಲಿನ್ ಅಂತ ನರ್ಸ್ ಇದಾಳೆ. ಅವಳಿಗೆ, ನಮ್ಮಕ್ಕ ಹಳೇ ಕ್ಯಾಸೆಟ್ ಎಲ್ಲಾ ಸರಿ ಮಾಡ್ಕೊಡ್ತಾಳೆ ಅಂತ ಪ್ರಾಮಿಸ್ ಮಾಡ್ಬಿಟ್ಟಿದೀನಿ."

"ನನ್ನ ಒಂದು ಮಾತು ಕೇಳ್ದೇನಾ?"

"ನೀನು ಫ್ಲೈಟಲ್ಲಿದ್ದೆ. ಹೆಂಗ್ ಕೇಳ್ಲಿ?"

ಮರುದಿನ ಬೆಳಿಗ್ಗೆ ಮಾರ್ಲಿನ್ ಬಂದಳು. ಐವತ್ತರ ಆಸುಪಾಸಿನ ಗಿಡ್ಡ ಹೆಂಗಸು, ನಗುಮುಖ. ಕೈಯಲ್ಲಿ ಬೇಯಿಸಿದ ಗೆಣಸಿನ ಡಬ್ಬಿ. ನಾನೇನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ ಎಂದು ಪದ್ಮಾಳನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದಳು. ಅವಳ ಜೊತೆ ಅವಳ ತಾಯಿ, ಎಂಬತ್ತನಾಲ್ಕು ವರ್ಷದ ಮುದುಕಿ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅವರೆಲ್ಲ ನನ್ನ ಹತ್ತಿರ ಆಡಿದ್ದು ಇಂಗ್ಲಿಷಿನಲ್ಲಿ ಅಥವಾ ಮಾರ್ಲಿನ್ ಮೂಲಕ. ಅದನ್ನು ನನ್ನ ಕಿವಿಗೆ ಬಿದ್ದ ಹಾಗೆ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ನಾವು ಕಲಂಗುಯಾ ಜನ ಅಕ್ಕ," ಅಂದಳು ಮಾರ್ಲಿನ್. ಪದ್ಮಾ ಕರೆಯುವುದನ್ನು ಕೇಳಿ ಅವಳೂ ನನ್ನನ್ನು ಅಕ್ಕ ಅನ್ನತೊಡಗಿದ್ದಳು. "ಫಿಲಿಪ್ಪೀನ್ಸ್‌ನ ಉತ್ತರದ ಬೆಟ್ಟದವರು. ನಮ್ಮ ದೇಶದಲ್ಲೇ ಎಷ್ಟೋ ಜನಕ್ಕೆ ನಮ್ಮ ಹೆಸರು ಗೊತ್ತಿಲ್ಲ. ಗೆಣಸೇ ನಮ್ಮ ಅನ್ನ."

ಅವಳ ತಂದೆ ಊರಿನ ಪೂಜೆ ಮಾಡಿಸುತ್ತಿದ್ದವರು. ಸತ್ತ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುವ ಒಂದು ದೊಡ್ಡ ಪಠಣ ಅವರಿಗೆ ಬಾಯಿಗೆ ಬರುತ್ತಿತ್ತು. ಯಾರ ಮಗ ಯಾರು, ಯಾವ ಹೊಳೆ ದಾಟಿ ಬಂದರು, ಯಾವ ಬೆಟ್ಟದಲ್ಲಿ ಮೊದಲು ಗೆಣಸು ನೆಟ್ಟರು, ಎಲ್ಲ ಅದರಲ್ಲಿದೆಯಂತೆ. ಅವರು ಒಮ್ಮೆ ಪೂಜೆ ಮಾಡಿಸುವಾಗ ಯಾರೋ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ತಂದೆ ತೀರಿಹೋದರು. ಊರಿನ ಹಿರಿಯರು ಈಗ ಮಕ್ಕಳಿಗೆ ಹಳೆಯದನ್ನೆಲ್ಲ ಹೇಳಿಕೊಡಲು ಹೊರಟಿದ್ದಾರೆ. ಆದರೆ ಈ ಪಠಣ ಪೂರ್ತಿ ಬರುವವರು ಅಲ್ಲಿ ಒಬ್ಬರೂ ಉಳಿದಿಲ್ಲ. ಅದರ ಹಳೆಯ ಮಾತುಗಳಿಗೆ ಅರ್ಥ ಹೇಳಬಲ್ಲವಳು ಈ ಅಜ್ಜಿ ಒಬ್ಬಳು. ಆ ಅಜ್ಜಿಯೋ ಈಗೀಗ ಒಲೆ ಆರಿಸುವುದನ್ನು ಮರೆಯುತ್ತಾಳೆ, ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆಯುತ್ತಾಳೆ. ತಿಂಗಳ ಕೊನೆಗೆ ಅವಳು ಊರಿಗೆ ಹೊರಡುತ್ತಾಳೆ. ಮತ್ತೆ ಬರುವುದಿಲ್ಲ.

"ಅಮ್ಮನ ತಲೆ ನೆಟ್ಟಗಿರುವಾಗಲೇ ಅದನ್ನು ಕೇಳಿಸಬೇಕು ಅಕ್ಕ. ಇಲ್ಲದಿದ್ದರೆ ಎಲ್ಲ ಹೋಯಿತು," ಅಂದಳು ಮಾರ್ಲಿನ್. ಅವಳ ನಗುಮುಖ ಆ ಮಾತಿಗೆ ಉಳಿಯಲಿಲ್ಲ, ಅತ್ತಳು.

"ಅಳಬೇಡ. ಎರಡು ಗಂಟೆ ಕೆಲಸ. ಕ್ಯಾಸೆಟ್ ಕೊಡು," ಅಂದೆ.

ಕ್ಯಾಸೆಟ್ ಅವಳ ಹತ್ತಿರ ಇರಲಿಲ್ಲ. ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿರುವ ಅಣ್ಣ ರೂಡಿಯ ಹತ್ತಿರ ಇತ್ತು. ಅವನು ಕೊಡುವುದಿಲ್ಲವಂತೆ. ಅದರ ಮೇಲೆ ಅಣ್ಣತಂಗಿಯರಿಗೆ ನಾಲ್ಕು ವರ್ಷದಿಂದ ಮಾತಿಲ್ಲವಂತೆ. ಇಷ್ಟೆಲ್ಲ ನನಗೆ ಗೊತ್ತಾದದ್ದು ನಾನು ಒಪ್ಪಿಕೊಂಡು, ಎರಡನೆಯ ಗೆಣಸನ್ನು ತಿಂದಾದ ಮೇಲೆ.

ಹೆದ್ದಾರಿಯಲ್ಲಿ

ಪದ್ಮಾ ಎರಡು ದಿನ ರಜೆ ಹಾಕಿ ಡ್ರೈವ್ ಮಾಡಲು ಕೂತಳು. ಮುನ್ನೂರು ಮೈಲಿ. ಅವಳು ಮೈಲಿ ಎಂದಾಗಲೆಲ್ಲ ನಾನು ಅದನ್ನು ಕಿಲೋಮೀಟರಿಗೆ ಗುಣಿಸಿ ನಿಟ್ಟುಸಿರು ಬಿಡುತ್ತಿದ್ದೆ. ಮುಂದಿನ ಸೀಟಿನಲ್ಲಿ ಅಜ್ಜಿ. ಅರ್ಧರ್ಧ ಗಂಟೆಗೊಮ್ಮೆ ಅವಳು ಕಿಟಕಿಯಿಂದ ಆಚೆ ನೋಡಿ ಏನೋ ಕೇಳುತ್ತಿದ್ದಳು. ಪ್ರತಿ ಸಲವೂ ಒಂದೇ ಪ್ರಶ್ನೆಯೆಂದು ಮಾರ್ಲಿನ್ ಹೇಳಿದಳು: ಬೆಟ್ಟ ಎಲ್ಲಿ?

ಬೆಟ್ಟ ಎಲ್ಲೂ ಇರಲಿಲ್ಲ. ಇಡೀ ದಾರಿಯಲ್ಲಿ ನೆಲ ದೋಸೆಕಲ್ಲಿನ ಹಾಗೆ ಚಪ್ಪಟೆ. ನಮ್ಮಲ್ಲಾದರೆ ಮೈಸೂರು ಬಿಡುವ ಮೊದಲೇ ಚಾಮುಂಡಿ ಬೆಟ್ಟಕ್ಕೆ ಕೈ ಮುಗಿದಿರುತ್ತೇವೆ. ಇಲ್ಲಿ ಎಕ್ಸಿಟ್ ನಂಬರು ಬಿಟ್ಟರೆ ನೋಡಲು ಏನೂ ಇಲ್ಲ. ಈ ಒಂದು ವಿಷಯದಲ್ಲಿ ಅಜ್ಜಿಗೂ ನನಗೂ ಮೊದಲ ದಿನವೇ ಒಮ್ಮತವಾಯಿತು.

ವಾರೆನ್ ತಲುಪಿದಾಗ ರೂಡಿ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ. ಹನ್ನೆರಡಕ್ಕೆ ಊಟಕ್ಕೆ ಬರುತ್ತೇವೆಂದು ಹೇಳಿದ್ದೆವು, ಹನ್ನೆರಡಕ್ಕೆ ಸರಿಯಾಗಿ ಬಂದಿದ್ದೆವು. ಅವನ ಗೋಡೆಯ ಗಡಿಯಾರದಲ್ಲಿ ಒಂದು. ಮಿಶಿಗನ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ ಎಂದು ಇಪ್ಪತ್ತೆರಡು ವರ್ಷದಿಂದ ಇಲ್ಲಿರುವ ನನ್ನ ತಂಗಿಗೆ ನೆನಪಿರಲಿಲ್ಲ.

"ಅಯ್ಯೋ, ಟೈಮ್ ಝೋನ್ ಮರ್ತೇಹೋಯ್ತು ಅಕ್ಕ!"

ನಾಲ್ಕು ವರ್ಷದ ಮೇಲೆ ಭೇಟಿಯಾದ ಅಣ್ಣತಂಗಿಯರ ಮೊದಲ ಮಾತು ಆರಿಹೋದ ಸಾರಿನ ಬಗ್ಗೆ ಆಯಿತು.

ವಾರೆನ್

ರೂಡಿ ಒಂದು ದೊಡ್ಡ ಕಾರ್ ಕಂಪನಿಯಲ್ಲಿ ಮಣ್ಣಿನ ಕಾರು ಮಾಡುತ್ತಾನೆ. ಕಂಪ್ಯೂಟರಿನಲ್ಲಿ ಬರೆದ ಕಾರನ್ನು ಪೂರ್ತಿ ಅಳತೆಯಲ್ಲಿ ಜೇಡಿಮಣ್ಣಿನಲ್ಲಿ ಕಟ್ಟಿ, ಕೂದಲೆಳೆಯಷ್ಟು ಕೆರೆದು ಕೆರೆದು ನಯ ಮಾಡುವ ಕೆಲಸ. ದೊಡ್ಡವರು ಬಂದು ಕೈಯಾಡಿಸಿ ನೋಡಿ ಹೂಂ ಅಂದ ಮೇಲೆ ಆ ಮಣ್ಣನ್ನು ಕಿತ್ತು ಇನ್ನೊಂದು ಕಾರು ಮಾಡುತ್ತಾರಂತೆ. ಮಾತು ಕಡಿಮೆ, ಕೈ ಸುಮ್ಮನಿರುವುದಿಲ್ಲ. ಕೂತಲ್ಲೇ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿರುತ್ತಾನೆ.

ಊಟವಾದ ಮೇಲೆ ಅವನು ಒಂದು ತಗಡಿನ ಡಬ್ಬಿ ತಂದ. ಒಳಗೆ ಕೆಂಪು ಗೆರೆಯ ಬಟ್ಟೆಯಲ್ಲಿ ಸುತ್ತಿದ ಕ್ಯಾಸೆಟ್. ನಾನು ಕೈ ಚಾಚಿದೆ. ಅವನು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ.

"ಇದು ಹಾಡಲ್ಲ. ಹೆಸರು ಹಿಡಿದು ಕರೆಯುವುದು. ಕರೆದರೆ ಅವರು ಬರುತ್ತಾರೆ. ಬಂದವರಿಗೆ ಹಂದಿ ಕೊಡಬೇಕು. ಕೊಡದೆ ಕರೆದರೆ ಮನೆಗೆ ಕೇಡು. ಅಪ್ಪ ಹೇಳಿದ್ದು ಇದು."

"ಇದು ಟೇಪು ಕಣಪ್ಪ," ಅಂದೆ. "ಟೇಪು ಕೂಗಿದರೆ ಯಾರು ಬರುತ್ತಾರೆ?"

"ಫೋನಿನಲ್ಲಿ ಕರೆದರೆ ನೀವು ಬರುವುದಿಲ್ಲವೆ?"

ಆ ಮಾತು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಆಗ ಅಜ್ಜಿ ಚಾಪೆ ತರಿಸಿದಳು. ತೊಂಗ್‌ತೊಂಗನ್ ಆಗಲಿ ಎಂದಳು. ಕಲಂಗುಯಾ ಜನ ತಕರಾರು ತೀರಿಸುವ ರೀತಿ ಅದು. ಎಲ್ಲರೂ ಸುತ್ತ ಕೂರುವುದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಕೈ ಎತ್ತಿಸಿ ಲೆಕ್ಕ ಮಾಡುವುದಿಲ್ಲ, ಹೆಚ್ಚು ಜನ ಹೇಳಿದ್ದೇ ಸರಿ ಎನ್ನುವುದಿಲ್ಲ. ಕೂತವರಲ್ಲಿ ಒಬ್ಬರು ಒಪ್ಪದಿದ್ದರೂ ಮಾತು ಮುಂದುವರಿಯುತ್ತದೆ. ಎಲ್ಲರೂ ಒಪ್ಪಿದ ಮೇಲೆ ಒಟ್ಟಿಗೆ ಊಟ.

ಕೇಳಲು ಚೆನ್ನಾಗಿದೆ. ನಮ್ಮ ಕಡೆ ಅಣ್ಣತಮ್ಮಂದಿರು ಮನೆ ಪಾಲಿಗೆ ಕೂತರೆ ಕಾಲು ಗಂಟೆಯಲ್ಲಿ ಕೊರಳಪಟ್ಟಿ ಹಿಡಿದು ಎದ್ದಿರುತ್ತಾರೆ. ಆದರೆ ಎರಡು ಗಂಟೆಗೆ ಕೂತವರು ಆರಾದರೂ ಏಳಲಿಲ್ಲ. ರೂಡಿ ಮಾತಾಡಿದ. ಮಾರ್ಲಿನ್ ಮಾತಾಡಿದಳು. ಅಜ್ಜಿ ತನ್ನ ಗಂಡನ ತಾತ ಕಳೆದುಕೊಂಡ ಒಂದು ಎಮ್ಮೆಯ ಕಥೆ ಹೇಳಿದಳು. ಅದಕ್ಕೂ ಕ್ಯಾಸೆಟ್ಟಿಗೂ ಏನು ಸಂಬಂಧವೆಂದು ನಾನು ಕೇಳುವಂತಿರಲಿಲ್ಲ, ಬಾಯಿ ಹಾಕಬಾರದಲ್ಲ. ನನ್ನ ಮಂಡಿ ಹಿಡಿದುಕೊಂಡಿತು. ಪದ್ಮಾ ಗೋಡೆಗೆ ಒರಗಿ ನಿದ್ದೆ ಹೋದಳು. ಕೊನೆಗೆ ಅಜ್ಜಿ ನನ್ನ ಕಡೆ ತಿರುಗಿ, ನೀನೂ ಹಿರಿಯಳು, ನೀನು ಹೇಳು ಅಂದಳು.

ರೇಗಿಹೋಗಿತ್ತು ನನಗೆ. ನಾಲ್ಕು ಮಾತು ಬಿಸಿಯಾಗಿ ಹೇಳಿ ಮುಗಿಸೋಣವೆಂದು ಬಾಯಿ ತೆರೆದೆ. ಬಂದದ್ದು ಬೇರೆ. ನಾನು ಯಾರಿಗೂ ಹೇಳದ ಒಂದು ಸಂಗತಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾಡಂಚಿನ ಬುಡಕಟ್ಟಿನವರ ಒಂದು ಹಾಡಿಯಲ್ಲಿ ಒಬ್ಬ ಅಜ್ಜಿಯಿಂದ ಸಾವಿನ ಹಾಡು ಹಾಡಿಸಿದ್ದೆ. ಯಾರೂ ಸಾಯದೆ ಅದನ್ನು ಹಾಡಬಾರದವ್ವ ಎಂದು ಅವಳು ಬೇಡಿಕೊಂಡಿದ್ದಳು. ನಾನು ಬಿಡಲಿಲ್ಲ. ಜೀಪು ವಾಪಸು ಹೋಗಬೇಕು, ಸಾಹೇಬರು ಕಾಯುತ್ತಿದ್ದಾರೆ, ಬೇಗ ಅಂದೆ. ಹಾಡಿದಳು. ನಡುವೆ ಮೊಮ್ಮಗು ಅತ್ತಿತೆಂದು ಮತ್ತೊಮ್ಮೆ ಹಾಡಿಸಿದೆ. ಮುಗಿದ ಮೇಲೆ ಅವಳು ಒಬ್ಬೊಬ್ಬ ಮೊಮ್ಮಗುವನ್ನೂ ಹತ್ತಿರ ಕರೆದು ಮೈ ಮುಟ್ಟಿ ಮುಟ್ಟಿ ನೋಡಿದಳು, ಜ್ವರ ಬಂದಿದೆಯೋ ಎಂದು. ಆ ಟೇಪು ನಮ್ಮ ಬೀರುವಿನಲ್ಲಿ ನಂಬರು ಹಚ್ಚಿಸಿಕೊಂಡು ಕೂತಿದೆ. ನಾನು ನಿವೃತ್ತಳಾಗುವವರೆಗೆ ಅದನ್ನು ಕೇಳಲು ಒಬ್ಬರೂ ಬರಲಿಲ್ಲ.

"ನಾನು ಮಾಡಿದ್ದು ತಪ್ಪು," ಅಂದೆ. "ಅದು ನನಗೆ ಆ ದಿನವೇ ಗೊತ್ತಿತ್ತು. ಆದರೆ ಡಬ್ಬಿಯಲ್ಲಿಟ್ಟು ಬೀಗ ಹಾಕಿದರೆ ಅದೂ ತಪ್ಪೇ. ನನ್ನ ಬೀರುವಿಗೂ ನಿನ್ನ ಡಬ್ಬಿಗೂ ವ್ಯತ್ಯಾಸ ಇಲ್ಲ ರೂಡಿ."

ರೂಡಿ ಚಾಪೆಯ ಅಂಚು ಸವರುವುದನ್ನು ನಿಲ್ಲಿಸಿದ.

"ಹಂದಿ ಕೊಟ್ಟು ಹಾಕುವುದಾದರೆ ನನ್ನ ತಕರಾರಿಲ್ಲ. ಜೀವಂತ ಹಂದಿ, ನಮ್ಮ ಕ್ರಮದಲ್ಲಿ. ಆ ಒಂದು ಸಲ ಮಾತ್ರ."

ವಾರೆನ್‌ನ ಬಡಾವಣೆಯಲ್ಲಿ, ಹುಲ್ಲು ನಾಲ್ಕು ಇಂಚು ಬೆಳೆದರೆ ದೂರು ಕೊಡುವ ನೆರೆಹೊರೆಯ ನಡುವೆ, ಅದು ಆಗದ ಮಾತೆಂದು ಅವನಿಗೆ ಗೊತ್ತಿತ್ತು. ಆದರೆ ಮಾರ್ಲಿನ್ ಅವನ ತಂಗಿ. ರಾಚೆಸ್ಟರ್ ಹಿಲ್ಸ್‌ನಿಂದಲೂ ಆಚೆ ಒಂದು ಫಾರ್ಮು ಇದೆ, ಅಲ್ಲಿ ಹಂದಿ ಕೊಟ್ಟು ಕೊಯ್ಯಲು ಜಾಗವನ್ನೂ ಕೊಡುತ್ತಾರೆ ಎಂದು ಅವಳು ಮೊದಲೇ ವಿಚಾರಿಸಿಟ್ಟಿದ್ದಳು. ರೂಡಿಯ ಮುಖ ಬಿಳಿಚಿತು. ನಾನು ಅದನ್ನು ಭಕ್ತಿಯೆಂದುಕೊಂಡೆ.

ಎಲ್ಲರೂ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕಿತ್ತು, ನಾನೂ. ಒಪ್ಪಿದೆ ಅಂದರೆ ಒಂದು ಹಂದಿ ಸಾಯುತ್ತದೆ. ಒಪ್ಪಲಿಲ್ಲ ಅಂದರೆ ಇನ್ನೂ ನಾಲ್ಕು ಗಂಟೆ ಚಾಪೆಯ ಮೇಲೆ. ಏಳು ತಲೆಮಾರಿನಿಂದ ಮಾಂಸ ಮುಟ್ಟದ ಮನೆಯವಳು ನಾನು, ಮಂಡಿ ಹಿಡಿದುಕೊಂಡು, ಒಪ್ಪಿದೆ ಅಂದೆ.

ರಾಚೆಸ್ಟರ್ ಹಿಲ್ಸ್

ಅಸಲಿ ತಲೆನೋವು ಆಮೇಲೆ ಶುರುವಾಯಿತು. ಯಾವ ಹಳೆಯ ಟೇಪನ್ನಾದರೂ ಮೊದಲು ಒಮ್ಮೆ ಹಾಕಿ ಪರೀಕ್ಷಿಸುತ್ತೇವೆ. ಇಲ್ಲಿ ಪರೀಕ್ಷೆಗೆ ಹಾಕಿದರೂ ಹಿರಿಯರು ಬಂದುಬಿಡುತ್ತಾರೆ. ಅಂದರೆ ಪೂಜೆಯ ಹೊತ್ತಿನಲ್ಲೇ ಮೊದಲ ಸಲ ಹಾಕಬೇಕು, ಅದರಲ್ಲೇ ರೆಕಾರ್ಡ್ ಆಗಬೇಕು, ನಡುವೆ ನಿಲ್ಲಬಾರದು. ಅರ್ಧ ಕರೆದು ಬಿಟ್ಟರೆ ಕರೆಯದೇ ಇದ್ದುದಕ್ಕಿಂತ ಕೇಡು. ಮೂವತ್ತೊಂದು ವರ್ಷದಲ್ಲಿ ಇಂಥ ಷರತ್ತನ್ನು ನಾನು ಕೇಳಿರಲಿಲ್ಲ.

ಜೊತೆಗೆ ಒಳ್ಳೆಯ ಕ್ಯಾಸೆಟ್ ಡೆಕ್ಕು ಬೇಕು. ಪದ್ಮಾಳ ಪರಿಚಯದ ದೇಸಾಯಿ ಅಂಕಲ್ ರಾಚೆಸ್ಟರ್ ಹಿಲ್ಸ್‌ನಲ್ಲಿದ್ದರು. ಧಾರವಾಡದವರು, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದು ನಿವೃತ್ತರಾದವರು. ಆ ರಾತ್ರಿಯೇ ಅವರ ಮನೆಗೆ ಹೋದೆವು. ನೆಲಮಾಳಿಗೆಯ ತುಂಬ ಕ್ಯಾಸೆಟ್ಟು.

"ಬರ್ರಿ ಅಕ್ಕಾರ, ಸಂಭಾಳ್ಸಿ ಇಳೀರಿ, ಮೆಟ್ಟಲಾ ಸಣ್ಣವದಾವ. ಈ ಡೆಕ್ ನೋಡ್ರಿ. ನಾ ಮೊದಲನೇ ಪಗಾರದಾಗ ತಗೊಂಡಿದ್ದು. ನನ್ನ ಹೆಂಡ್ತಿಗೂ ಮುಟ್ಟಾಕ ಕೊಟ್ಟಿಲ್ರಿ."

"ಒಂದು ದಿನಕ್ಕೆ ಕೊಡಿ ಸಾಕು, ಜೋಪಾನವಾಗಿ ತಂದ್ಕೊಡ್ತೀನಿ."

"ಯಾತಕ್ಕ ಬೇಕಾಗಿತ್ರಿ?"

ಪದ್ಮಾ ನನ್ನ ಕಾಲು ತುಳಿದಳು. "ಪೂಜೆಗೆ ಅಂಕಲ್," ಅಂದಳು. ಸುಳ್ಳೇನಲ್ಲ.

"ಹಂಗಾರ ಒಯ್ರಿ. ಪೂಜಾಕ ಇಲ್ಲ ಅನಬಾರದು."

ಅವರ ಮೇಜಿನ ಮೇಲೇ ರೂಡಿಯ ಕ್ಯಾಸೆಟ್ಟನ್ನು ಬಿಚ್ಚಿದೆ. ಬಿಚ್ಚಬಹುದು, ಹಾಕಬಾರದು ಅಷ್ಟೇ ಎಂದು ಅಜ್ಜಿ ಅಪ್ಪಣೆ ಕೊಟ್ಟಿದ್ದಳು. ಡಬ್ಬಿಯನ್ನು ಕಣ್ಣಳತೆಯಿಂದ ಆಚೆ ಬಿಡದೆ ರೂಡಿಯೂ ಬಂದು ಪಕ್ಕದಲ್ಲಿ ನಿಂತಿದ್ದ. ಟೇಪನ್ನು ಹಿಂದಿನಿಂದ ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ಚೂರು ಉದುರಿಹೋಗಿತ್ತು. ದೇಸಾಯರು ತಮ್ಮದೇ ಒಂದು ಕ್ಯಾಸೆಟ್ಟನ್ನು ಕೊಟ್ಟು, ಅದರದ್ದನ್ನು ಕಿತ್ತುಕೊಳ್ಳಿ ಅಂದರು. ಹಾಗೆ ಕಿತ್ತು ಕೂರಿಸುವಾಗ ಒಂದು ಕಂಡಿತು. ಮೇಲೆ ರೆಕಾರ್ಡ್ ಮಾಡದಿರಲಿ ಎಂದು ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯ ಚಿಪ್ಪನ್ನೂ ಯಾರೋ ಮುರಿದಿದ್ದರು. ಆದರೆ ಎರಡನೆಯ ಬದಿಯ ಕಿಂಡಿಗೆ ಸೆಲೋಟೇಪು ಅಂಟಿಸಿತ್ತು.

"ಇದನ್ನ ಯಾರು ಅಂಟಿಸಿದ್ದು?"

"ಗೊತ್ತಿಲ್ಲ," ಅಂದ ರೂಡಿ. ಸ್ವಲ್ಪ ಹೊತ್ತಾದ ಮೇಲೆ, "ಒಂದು ಬದಿ ಹಾಕಿದರೆ ಸಾಲದೆ?" ಅಂದ.

"ಅರ್ಧ ಕರೆದರೆ ಕೇಡು ಅಂದವನು ನೀನೇ ಅಲ್ಲವೇನಪ್ಪ?" ಎಂದು ರೇಗಿದೆ. ಮುರಿದ ಕಿಂಡಿಯನ್ನು ಅಂಟಿಸುವುದು ಮೇಲೆ ಇನ್ನೇನನ್ನೋ ರೆಕಾರ್ಡ್ ಮಾಡುವುದಕ್ಕೇ. ಕೆಲಸಕ್ಕೆ ಸೇರಿ ಒಂದು ವಾರವಾದವರಿಗೂ ಅದು ಗೊತ್ತಿರುತ್ತದೆ. ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ದೇಸಾಯರ ಹೆಂಡತಿ ಮೇಲಿನಿಂದ ರೊಟ್ಟಿ ಊಟಕ್ಕೆ ಕರೆಯುತ್ತಿದ್ದರು, ನನಗೆ ಹಸಿವಾಗಿತ್ತು.

ಫಾರ್ಮು

ಮರುದಿನ ಬೆಳಿಗ್ಗೆ ಐವತ್ತು ಡಿಗ್ರಿ ಎಂದಳು ಪದ್ಮಾ. ಐವತ್ತು ಎಂದರೆ ಸೆಖೆ ಎಂದುಕೊಂಡು ನಾನು ಸೀರೆಯಲ್ಲೇ ಹೊರಟೆ. ಅವರ ಐವತ್ತು ಎಂದರೆ ನಮ್ಮ ಹತ್ತು. ಹೀಗೆ ತಂಗಿಯ ಸ್ವೆಟರು ನನ್ನ ಮೈಗೆ ಬಂತು.

ಫಾರ್ಮಿನವನು ಆರಡಿ ಎತ್ತರದ, ಹೊಟ್ಟೆಯ ಮನುಷ್ಯ. ಯಾವುದಾದರೂ ಒಂದು ಹಂದಿ ಹಿಡಿದುಕೊಳ್ಳಿ ಎಂದು ಕೈ ತೋರಿಸಿದ. ಅಜ್ಜಿ ಮುಕ್ಕಾಲು ಗಂಟೆ ಬೇಲಿಯ ಪಕ್ಕ ನಿಂತು ಒಂದೊಂದನ್ನೇ ನೋಡಿದಳು. ಸೀರೆ ಅಂಗಡಿಯಲ್ಲಿ ನಮ್ಮತ್ತೆಯೂ ಇಷ್ಟು ಹೊತ್ತು ನಿಂತವರಲ್ಲ. ಕೊನೆಗೆ ಒಂದು ಕರಿಯ ಹಂದಿಯನ್ನು ಆರಿಸಿದಳು. ಅದನ್ನು ಕಾಲು ಕಟ್ಟಿ ಹುಲ್ಲಿನ ಮೇಲೆ ಮಲಗಿಸಿದರು. ನಾನು ಅದರ ಕಣ್ಣು ನೋಡದ ಹಾಗೆ ಬೆನ್ನು ತಿರುಗಿಸಿ ಕೂತು, ಕೊಟ್ಟಿಗೆಯಿಂದ ಕರೆಂಟಿನ ವೈರು ಎಳೆದು, ಡೆಕ್ಕಿಗೂ ನನ್ನ ಪುಟ್ಟ ರೆಕಾರ್ಡರಿಗೂ ಕೇಬಲ್ ಹಾಕಿದೆ. ಗಾಳಿಯ ಸದ್ದು, ಹಂದಿಯ ಸದ್ದು ಒಳಗೆ ಬರಬಾರದು. ಟೇಪಿನಲ್ಲಿರುವುದಷ್ಟೇ ನೇರವಾಗಿ ಇಳಿಯಬೇಕು. ಅಜ್ಜಿ ಬಟ್ಟಲಿಗೆ ಅಕ್ಕಿಯ ಹೆಂಡ ಸುರಿದಳು. ನನಗೆ ಕಣ್ಣಲ್ಲಿ ಸನ್ನೆ ಮಾಡಿದಳು. ಗುಂಡಿ ಒತ್ತಿದೆ.

ಗೊರಗೊರ ಸದ್ದು. ಆಮೇಲೆ ಗಂಡಸಿನ ದನಿ. ಎತ್ತರದ್ದಲ್ಲ, ಇಂಪಾದದ್ದೂ ಅಲ್ಲ. ಮನೆಯ ಹೊಸಿಲಲ್ಲಿ ನಿಂತು ಪಕ್ಕದ ಮನೆಯವರನ್ನು ಕರೆಯುವ ಹಾಗೆ ಒಂದೊಂದೇ ಹೆಸರು. ಮಾರ್ಲಿನ್ ಬಾಯಿಗೆ ಸೆರಗು ಹಿಡಿಯುವವರಂತೆ ತೋಳು ಒತ್ತಿಕೊಂಡಳು. ಅಜ್ಜಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಟೇಪು ಎಲ್ಲೂ ಎಳೆಯಲಿಲ್ಲ, ತೊದಲಲಿಲ್ಲ. ನನ್ನ ಕೈಕೆಲಸದ ಬಗ್ಗೆ ನನಗೇ ಹೆಮ್ಮೆಯಾಯಿತು.

ಒಂದು ಹೆಸರಿನ ನಡುವೆ ಮೊದಲ ಬದಿ ಮುಗಿಯಿತು. ಸರಕ್ಕನೆ ತಿರುಗಿಸಿ ಹಾಕಿದೆ. ಇನ್ನೂ ಎರಡು ಹೆಸರು ಬಂತು. ಟಕ್ ಎಂದು ಒಂದು ಸದ್ದು. ಆಮೇಲೆ ಗಿಟಾರು.

ಅಮೆರಿಕದ ದನ ಕಾಯುವವರ ಹಾಡು. ಕುದುರೆ, ಧೂಳು, ಬಿಟ್ಟುಹೋದ ಹುಡುಗಿ. ಬೇಲಿಯ ಹತ್ತಿರ ನಿಂತ ಫಾರ್ಮಿನವನು ಖುಷಿಯಾಗಿ ಕಾಲಲ್ಲಿ ತಾಳ ಹಾಕಿದ. ನಾನು ಮುಂದಕ್ಕೆ ಓಡಿಸಿದೆ. ಇನ್ನೊಂದು ಹಾಡು. ಮತ್ತೆ ಓಡಿಸಿದೆ. ಇನ್ನೊಂದು. ಕೊನೆಯವರೆಗೆ ಅದೇ.

ರೂಡಿ ಹುಲ್ಲಿನ ಮೇಲೆ ಕುಸಿದು ಕೂತಿದ್ದ.

"ನಾನೇ. ಹದಿಮೂರು ವರ್ಷ ನನಗೆ. ರೇಡಿಯೋದಿಂದ ಹಾಡು ಹಿಡಿಯಲು ಖಾಲಿ ಕ್ಯಾಸೆಟ್ ಸಿಗಲಿಲ್ಲ."

ಮಾರ್ಲಿನ್ ಅವನನ್ನು ಹೊಡೆಯಲು ಕೈ ಎತ್ತಿದಳು. ನಾನೇನು ಸುಮ್ಮನೆ ಕೂತೆನೆ? ಕನ್ನಡದಲ್ಲಿ ಬೈದೆ. ಕತ್ತೆ, ಮೊದಲೇ ಬಾಯಿ ಬಿಡೋಕೇನಾಗಿತ್ತು ನಿಂಗೆ? ಅರ್ಧ ಕರೆದಾಗಿದೆ, ಹಂದಿ ಕಟ್ಟಿ ಹಾಕಿದೆ, ಇನ್ನುಳಿದವರು ದಾರಿಯಲ್ಲಿ ನಿಂತಿದ್ದಾರೆ.

ಅಷ್ಟರಲ್ಲಿ ಅಜ್ಜಿ ಮಾತಾಡಿದಳು. ನಮ್ಮ ಜೊತೆಗಲ್ಲ. ಗಂಡನ ದನಿ ನಿಂತ ಹೆಸರಿನಿಂದ ಹಿಡಿದು, ಅದೇ ಏರಿಳಿತದಲ್ಲಿ, ತನ್ನ ಒಡಕು ದನಿಯಲ್ಲಿ ಮುಂದಿನ ಹೆಸರು. ಅದರ ಮುಂದಿನದು. ಒಲೆ ಆರಿಸುವುದನ್ನು ಮರೆಯುವ ಮುದುಕಿ ಎಲ್ಲೂ ತಡವರಿಸದೆ ಹೇಳುತ್ತ ಹೋದಳು.

ನನ್ನ ರೆಕಾರ್ಡರು ಹಾಡು ಹೇಳುವ ಡೆಕ್ಕಿಗೆ ಕಟ್ಟಿಕೊಂಡಿತ್ತು. ಅಜ್ಜಿಯ ಒಂದು ಅಕ್ಷರವೂ ಅದರೊಳಗೆ ಬೀಳುತ್ತಿರಲಿಲ್ಲ. ಕೇಬಲ್ ಕಿತ್ತರೆ ಸಾಕು. ಕೈ ಚಾಚಿದೆ. ಮಾರ್ಲಿನ್ ನನ್ನ ಮಣಿಕಟ್ಟು ಹಿಡಿದಳು.

"ಬೇಡ ಅಕ್ಕ. ನಾವೆಲ್ಲ ಕೂತು ಒಪ್ಪಿದ್ದು ಅಪ್ಪನ ಕ್ಯಾಸೆಟ್ಟಿಗೆ ಮಾತ್ರ. ಅಮ್ಮನದಕ್ಕೆ ಒಪ್ಪಿಗೆ ಆಗಿಲ್ಲ."

ಇದಕ್ಕಾಗಿ ಶಪಥ ಮುರಿದು ಬಂದವಳು ಅವಳಲ್ಲ, ನಾನು ಎಂದು ಕೂಗಬೇಕೆನಿಸಿತು. ಅದಕ್ಕಾಗಿ ಅತ್ತವಳು ಅವಳೇ, ಅದು ನನಗೆ ಗೊತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಪಠಣ ಮುಗಿಯಿತು. ಹಂದಿಯದೂ ಮುಗಿಯಿತು, ಆಗ ನಾನು ಕೊಟ್ಟಿಗೆಯ ಆಚೆ ಹೋಗಿ ಕಿವಿ ಮುಚ್ಚಿಕೊಂಡು ನಿಂತಿದ್ದೆ. ಅದರ ಪಿತ್ತಕೋಶ ತುಂಬಿಕೊಂಡು ನೆಟ್ಟಗಿದೆ, ಬಂದವರು ಸಂತೋಷಪಟ್ಟಿದ್ದಾರೆ ಎಂದು ಅಜ್ಜಿ ಹೇಳಿದಳಂತೆ. ಎಲ್ಲರೂ ಉಂಡರು, ಫಾರ್ಮಿನವನೂ ಉಂಡ. ನಾನು ಗೆಣಸು ತಿಂದೆ. ರೂಡಿ ಏನೂ ತಿನ್ನಲಿಲ್ಲ.

ಮತ್ತೆ ವಾರೆನ್, ಕೆಲಸ ಮಾಡಬಾರದ ದಿನ

ಪೂಜೆಯ ಮರುದಿನ ಮನೆಯವರು ಯಾರೂ ಕೆಲಸ ಮಾಡಬಾರದು, ಹೊಸಿಲು ದಾಟಬಾರದು. ಇದನ್ನು ನಮಗೆ ಹೇಳಿದ್ದು ಊಟವಾದ ಮೇಲೆ. ಉಂಡವರೆಲ್ಲ ಮನೆಯವರೇ ಎಂದು ಅಜ್ಜಿ ತೀರ್ಮಾನಿಸಿದ್ದಳು.

"ಅಕ್ಕ, ನಂಗೆ ನಾಳೆ ಡ್ಯೂಟಿ ಇದೆ! ಏನಂತ ಹೇಳ್ಲಿ? ಹಂದಿ ಪೂಜೆ ಆಗಿದೆ, ಡ್ರೈವ್ ಮಾಡೋ ಹಾಗಿಲ್ಲ ಅಂತ್ಲಾ?"

"ಜ್ವರ ಅನ್ನು," ಅಂದೆ. ನಮ್ಮಜ್ಜಿಯ ಮಡಿ, ಸೂತಕದ ಲೆಕ್ಕಗಳಿಂದ ತಪ್ಪಿಸಿಕೊಂಡು ಅರವತ್ತೆರಡು ವರ್ಷ ಮುಟ್ಟಿದವಳು ಡೆಟ್ರಾಯಿಟ್ ಪಕ್ಕದಲ್ಲಿ ಬಂದು ಸಿಕ್ಕಿಬಿದ್ದಿದ್ದೆ. ಕಸ ಗುಡಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ನಿನ್ನೆ ಬೇಯಿಸಿದ ಗೆಣಸೇ ಇವತ್ತೂ.

ರೂಡಿ ಕಿಟಕಿಯ ಹತ್ತಿರ ಗೋಡೆ ನೋಡಿಕೊಂಡು ಕೂತಿದ್ದ. ಅಜ್ಜಿ ಎದ್ದು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತಳು. ಅವರ ಮಾತಿನಲ್ಲಿ ಏನೋ ಹೇಳಿದಳು. ಮಾರ್ಲಿನ್ ನನ್ನ ಕಿವಿಯಲ್ಲಿ ಹೇಳುತ್ತ ಬಂದಳು.

"ಆ ದಿನ ನಾನು ಒಲೆಯ ಹತ್ತಿರ ಇದ್ದೆ. ನೀನು ರೇಡಿಯೋ ಪಕ್ಕ ಕ್ಯಾಸೆಟ್ ಹಾಕಿದ್ದು ನೋಡಿದೆ."

ರೂಡಿ ತಿರುಗಿದ.

"ಯಾಕೆ ತಡೆಯಲಿಲ್ಲ?"

"ಅದೇ ಕ್ಯಾಸೆಟ್ ಅಂತ ಗೊತ್ತಾಗಲಿಲ್ಲ. ಸಂಜೆ ಗೊತ್ತಾಯಿತು."

"ಅಪ್ಪನಿಗೆ?"

"ಅವರಿಗೂ ಗೊತ್ತಾಯಿತು. ಹಂದಿ ಕೊಟ್ಟು, ಹಾಕಿ ಕೇಳಿದರು."

"ಒಂದು ಮಾತು ಬೈಯಲಿಲ್ಲವಲ್ಲ ಅವರು. ನಾನು ಊರು ಬಿಡುವಾಗ ಅದನ್ನೇ ನನ್ನ ಕೈಗೆ ಕೊಟ್ಟರಲ್ಲ."

"ಬೈದರೆ ಹೋದದ್ದು ಬರುತ್ತದೆಯೆ? ಹೋದದ್ದನ್ನು ಅವರು ನನಗೆ ಹೇಳಿಕೊಟ್ಟರು. ಪ್ರತಿ ಪೂಜೆಯ ಮರುದಿನ ಮನೆಯಲ್ಲಿ ಕೂತು, ಎಷ್ಟು ಹೋಗಿತ್ತೋ ಅಷ್ಟನ್ನೇ. ಮುಂದಿನ ಅರ್ಧ ಮಾತ್ರ ಬರುತ್ತದೆ ನನಗೆ. ಮೊದಲ ಅರ್ಧ ಕ್ಯಾಸೆಟ್ಟಿನಲ್ಲಿದೆಯಲ್ಲ ಅಂದರು. ಅವನು ಎಂದಾದರೂ ಕೇಳಿಕೊಂಡು ಬರುತ್ತಾನೆ, ಆಗ ಹೇಳಿಕೊಡು ಅಂದರು. ನೀನು ಬರಲೇ ಇಲ್ಲ."

ರೂಡಿ ಅತ್ತ. ಐವತ್ತು ದಾಟಿದ ಗಂಡಸು, ಮಣ್ಣು ಕೆರೆದು ಗಟ್ಟಿಯಾದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು. ಮಾರ್ಲಿನ್ ನನಗೆ ಹೇಳುವುದನ್ನು ಬಿಟ್ಟು ಹೋಗಿ ಅವನ ಬೆನ್ನಿಗೆ ಕೈ ಹಾಕಿದಳು. ನನಗೂ ಅಳು ತಡೆಯಲಾಗಲಿಲ್ಲ. ಐದು ದಿನದ ಸಿಡಿಮಿಡಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಜ್ಜಿ ಅಳಲಿಲ್ಲ. ಕಿಟಕಿಯಲ್ಲಿ ಬಿಸಿಲು ಎಷ್ಟಿದೆ ಎಂದು ನೋಡಿದಳು. ಕರೆದವರು ಇನ್ನೂ ಮನೆಯಲ್ಲೇ ಇದ್ದಾರಂತೆ, ಸೂರ್ಯ ಮುಳುಗಿದ ಮೇಲೆ ಹೊರಡುತ್ತಾರಂತೆ. ಅಲ್ಲಿಯವರೆಗೆ ಅವರ ಹೆಸರನ್ನು ಎಷ್ಟು ಸಲ ಹೇಳಿದರೂ ಕೇಡಿಲ್ಲ. ಆಮೇಲೆ ಕಲಿಯಬೇಕೆಂದರೆ ಇನ್ನೊಂದು ಹಂದಿ ಬೇಕು.

ನಾನು ಚೀಲದತ್ತ ನೋಡಿದೆ. ಅಜ್ಜಿ ನನ್ನನ್ನು ನೋಡಿದಳು.

"ಮೆಷಿನ್ ಹಾಕುವುದು ನಿನಗೆ ಕೆಲಸ. ಇವತ್ತು ಯಾರೂ ಕೆಲಸ ಮಾಡುವ ಹಾಗಿಲ್ಲ," ಅಂದಳಂತೆ. "ಮಾತಾಡುವುದು ಕೆಲಸವಲ್ಲ."

ಅಣ್ಣತಂಗಿಯರನ್ನು ಎದುರಿಗೆ ಕೂರಿಸಿಕೊಂಡಳು. ತನಗೆ ಬರುವ ಅರ್ಧದ ಮೊದಲ ಹೆಸರು ಹೇಳಿ ನಿಲ್ಲಿಸಿದಳು. ರೂಡಿ ಹೇಳಿದ. ಮಾರ್ಲಿನ್ ಹೇಳಿದಳು. ಆರನೆಯ ಹೆಸರಿಗೆ ರೂಡಿ ತಪ್ಪಿದ, ಅಜ್ಜಿ ಅವನ ಮಂಡಿಗೆ ಒಂದು ಏಟು ಕೊಟ್ಟು ಮೊದಲಿನಿಂದ ಹೇಳಿಸಿದಳು. ಪದ್ಮಾ ನನ್ನ ಹೆಗಲಿಗೆ ಒರಗಿ ಮತ್ತೆ ನಿದ್ದೆ ಹೋದಳು. ಆಚೆ ಯಾರೋ ಹುಲ್ಲು ಕತ್ತರಿಸುವ ಮೆಷಿನ್ ಓಡಿಸುತ್ತಿದ್ದರು, ಆ ಸದ್ದಿನಲ್ಲಿ ಕೆಲವು ಹೆಸರು ನನಗೆ ಸರಿಯಾಗಿ ಕೇಳಿಸಲೇ ಇಲ್ಲ. ಅವರಿಬ್ಬರಿಗೆ ಕೇಳಿಸುತ್ತಿತ್ತು. ಮೇ ತಿಂಗಳಲ್ಲಿ ಅಲ್ಲಿ ಎಂಟಾದರೂ ಬಿಸಿಲು ಆರುವುದಿಲ್ಲ. ಬಿಸಿಲು ಆರುವ ಮೊದಲು ರೂಡಿ ಒಂದು ಸಲ, ತಪ್ಪಿಲ್ಲದೆ, ಕೊನೆಯವರೆಗೆ ಹೇಳಿದ.